ಕಾಣೆಯಾದ ಒಂದೂಕಾಲು ಜಿಬಿ

ನಾಲ್ಕು ಪಾಯಿಂಟ್ ಮೂರು ಜಿಬಿ ಬರಬೇಕಾದ ಕಡೆ ಮೂರು ಜಿಬಿ ಬಂದು ಕೂತಿತ್ತು. ಸೇತುರಾಮ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡ. ಕನ್ನಡಕ ಒರೆಸಿದರೆ ಜಿಬಿ ಜಾಸ್ತಿಯಾಗುತ್ತದೆಯೇ? ಮೂರು ಅಂದರೆ ಮೂರೇ. ಬೆಳಿಗ್ಗೆಯಿಂದ ಇದು ನಾಲ್ಕನೇ ಸಲ, ನಾಲ್ಕು ಸಲವೂ ಅದೇ ಮೂರು.

"ಜಾಗ ಇದೆ, ತುಂಬಿಸಪ್ಪಾ ಅಂದ್ರೆ ತುಂಬಿಸಲ್ಲ ಅನ್ನುತ್ತಲ್ಲ, ಏನು ದೊಡ್ಡರೋಗ ಇದಕ್ಕೆ" ಎಂದು ಕಂಪ್ಯೂಟರಿಗೇ ಬೈದ.

ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಮೇಧಾ ಬಗ್ಗಿ ಪರದೆ ನೋಡಿದಳು. ಅವಳು ಸೇತುರಾಮನ ಅಕ್ಕ ಜಗದಾಂಬಾಳ ಎರಡನೇ ಮಗಳು. ಇಲ್ಲೇ ಬೆಂಗಳೂರಿನ ಉಲ್ಲಾಳದ ಕಡೆ ಒಂದು ಪಿಯು ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುತ್ತಾಳೆ. ಇನ್ನು ಹತ್ತೊಂಬತ್ತು ದಿನಕ್ಕೆ ಅವಳ ಮದುವೆ. ಪರದೆಯ ಮೇಲೆ ಅವಳಮ್ಮನ ಹಳೆಯ ಮುಖ ನಿಂತಿತ್ತು. ಬಾಯಿ ತೆರೆದಿತ್ತು, ಆದರೆ ಬಾಯಿ ಎಲ್ಲಿ ಮುಗಿಯಿತು ಗಲ್ಲ ಎಲ್ಲಿ ಶುರುವಾಯಿತು ಎಂದು ತಿಳಿಯದ ಹಾಗೆ ಎಲ್ಲ ಚೌಕ ಚೌಕವಾಗಿ ಒಡೆದುಹೋಗಿತ್ತು.

"ಇದ್ರಲ್ಲಿ ತುಟಿ ಎಲ್ಲಿ ಓದೋದು ಮಾವ?" ಎಂದಳು ಮೇಧಾ.

"ಪೂರ್ತಿ ತುಂಬಿಸಿದ್ರೆ ಸರಿಯಾಗಿ ಬರುತ್ತೆ ಕಣೇ. ಇದು ಅರ್ಧ ಹೊಟ್ಟೆ ಉಂಡು ಎದ್ದುಬಿಡ್ತಿದೆ."

ಬಸವೇಶ್ವರನಗರದ ಆ ಎರಡನೇ ಮಹಡಿಯ ಸ್ಟುಡಿಯೋದಲ್ಲಿ ಈಗ ಮದುವೆ ವಿಡಿಯೋ ಕೆಲಸ ಏನೂ ಇರಲಿಲ್ಲ. ಡ್ರೋನ್ ಹಾರಿಸುವ ಹುಡುಗರು ಬಂದ ಮೇಲೆ ಸೇತುರಾಮನನ್ನು ಯಾರು ಕರೆಯುತ್ತಾರೆ? ಪಾಸ್‌ಪೋರ್ಟ್ ಫೋಟೋ ತೆಗೆಯುವುದು, ಜನ ಹಳೆಯ ಕ್ಯಾಸೆಟ್ ತಂದರೆ ಡಿಸ್ಕಿಗೆ ಹಾಕಿಕೊಡುವುದು, ಅಷ್ಟೇ. ಆದರೆ ಇವತ್ತಿನದು ಗಿರಾಕಿಯ ಕೆಲಸವಲ್ಲ, ಮನೆಯದು. ಮೇಧಾಳ ಅಕ್ಕ ರಾಗಿಣಿಯ ಮದುವೆಯ ಡಿವಿಡಿ. ಎರಡು ಸಾವಿರದ ಆರರಲ್ಲಿ ಸೋದರಮಾವನ ಉಡುಗೊರೆ ಎಂದು ಅವನೇ ಕ್ಯಾಮೆರಾ ಹಿಡಿದು, ಅವನೇ ಎಡಿಟ್ ಮಾಡಿಸಿ, ಆ ಕಾಲಕ್ಕೆ ಯಾರ ಮನೆಯಲ್ಲೂ ಇಲ್ಲದ ಡಬಲ್ ಲೇಯರ್ ಡಿಸ್ಕಿನಲ್ಲಿ ಕೊಟ್ಟಿದ್ದ. ಡಬಲ್ ಲೇಯರ್ ಅಂದರೆ ಮಾಮೂಲಿಯ ಎರಡರಷ್ಟು ಹಿಡಿಯುವ ಡಿಸ್ಕು. ಈಗ ಅದರ ಮೈತುಂಬ ಗೀರು. ಕಂಪ್ಯೂಟರು ಹೇಗೋ ಓದುತ್ತದೆ, ಆದರೆ ಅಕ್ಕ ಜಗದಾಂಬಾಳ ಮನೆಯ ಪ್ಲೇಯರಿಗೆ ಹಾಕಿದರೆ ಧಾರೆಗೆ ಮುಂಚೆಯೇ ಸಿಕ್ಕಿಕೊಂಡು ನಿಲ್ಲುತ್ತದೆ. ಅಂಥ ಖಾಲಿ ಡಿಸ್ಕು ಇದೆಯಾ ಎಂದು ಎಸ್.ಪಿ. ರೋಡಿನಲ್ಲಿ ಕೇಳಿದರೆ ಅಂಗಡಿಯವನು ಮುಖ ನೋಡಿ ನಕ್ಕಿದ್ದ. ಹಾಗಾಗಿ ದೊಡ್ಡದನ್ನು ಹಿಂಡಿ ನಾಲ್ಕು ಪಾಯಿಂಟ್ ಮೂರು ಜಿಬಿ ಹಿಡಿಯುವ ಸಣ್ಣದಕ್ಕೆ ಇಳಿಸುವ ಈ ಪಾಡು. ಪೆನ್ ಡ್ರೈವ್ ಎಂದರೆ ಅಕ್ಕನ ಟಿವಿಗೆ ಅದನ್ನು ಚುಚ್ಚುವ ತೂತಿಲ್ಲ. ಲ್ಯಾಪ್‌ಟಾಪ್ ತಂದಿಟ್ಟರೆ ಕಣ್ಣುರಿ ಎಂದು ಅವಳು ಮುಖ ತಿರುಗಿಸುತ್ತಾಳೆ.

ಇಷ್ಟೆಲ್ಲ ತಲೆಬಿಸಿ ಒಂದು ಹಾಡಿಗಾಗಿ.

ಅವರ ಮನೆಯಲ್ಲಿ ಹುಡುಗಿಯನ್ನು ಕೋಣೆಯಿಂದ ಹಸೆಮಣೆಗೆ ಕರೆಯುವಾಗ ಮನೆಯ ಹಿರಿಯ ಹೆಂಗಸು ಒಂದು ಹಾಡು ಹೇಳುತ್ತಾಳೆ. ಬೇರೆ ಮನೆಗಳ ಹಸೆ ಹಾಡಲ್ಲ, ಅದು ಅವರದೇ. ಸೇತುರಾಮನ ಅಜ್ಜಿ ಕಟ್ಟಿದ್ದು, ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಅಕ್ಕನಿಗೆ ಬಂದದ್ದು. "ಅರಿಶಿನದ ಹೆಜ್ಜೆಯವಳೆ, ಅಂಜದೆ ಬಾರೆ" ಎಂದು ಶುರುವಾಗುತ್ತದೆ. ನಾಲ್ಕು ನುಡಿ, ನುಡಿಗೆ ನಾಲ್ಕು ಸಾಲು, ಎಲ್ಲ ನುಡಿಗೂ ಒಂದೇ ಧಾಟಿ. ಎಪ್ಪತ್ತು ವರ್ಷದಿಂದ ಆ ಮನೆಯ ಯಾವ ಹುಡುಗಿಯೂ ಆ ಹಾಡು ಕೇಳದೆ ಹಸೆಗೆ ಕೂತಿಲ್ಲ. ಮಾತು ಅಕ್ಕನ ಪುಸ್ತಕದಲ್ಲಿ ಬರೆದಿದೆ. ಧಾಟಿಯನ್ನು ಎಲ್ಲಿ ಬರೆದಿಡುತ್ತಾರೆ? ಅದು ಗಂಟಲಲ್ಲಿತ್ತು.

ಆ ಗಂಟಲೇ ಹೋಯಿತು. ಎರಡು ವರ್ಷದ ಹಿಂದೆ ಅಕ್ಕನಿಗೆ ಕ್ಯಾನ್ಸರ್ ಎಂದು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ಅಷ್ಟರ ಮಟ್ಟಿಗೆ ದೇವರು ದೊಡ್ಡವನು. ಈಗ ಅವಳು ಕತ್ತಿನ ಕೆಳಗಿನ ಒಂದು ತೂತಿನಿಂದ ಉಸಿರಾಡುತ್ತಾಳೆ, ಮೇಲೆ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಾಳೆ, ಹೇಳಬೇಕಾದ್ದನ್ನು ಬರೆದು ತೋರಿಸುತ್ತಾಳೆ. ಗಲ್ಲದ ಕೆಳಗೆ ಒತ್ತಿಹಿಡಿದರೆ ಮಾತು ಬರುವ ಬ್ಯಾಟರಿ ಮೆಷಿನ್ ಒಂದನ್ನು ಡಾಕ್ಟರು ಕೊಟ್ಟಿದ್ದರು. ಮಾತೇನೋ ಬರುತ್ತದೆ, ಆದರೆ ಒಂದೇ ಸ್ವರದಲ್ಲಿ. ಮೇಧಾಳ ಮದುವೆ ಗೊತ್ತಾದ ದಿನ ಅಕ್ಕ ಅದನ್ನು ಹಿಡಿದು ಹಸೆ ಹಾಡು ಹೇಳಲು ನೋಡಿದಳು. ಏರಿಲ್ಲ, ಇಳಿವಿಲ್ಲ, ಮೊದಲ ನುಡಿ ಪೂರ್ತಿ ಗಿರಣಿ ಓಡಿದ ಹಾಗೆ ಒಂದೇ ಸಮ. ಮೇಧಾಳಿಗೆ ಮೊದಲು ನಗು ಬಂತು, ಆಮೇಲೆ ಅಳು ಬಂತು. ಅಕ್ಕ ಮೆಷಿನ್ನನ್ನು ಬೀರುವಿನಲ್ಲಿ ಸೀರೆಗಳ ಹಿಂದೆ ತಳ್ಳಿ ಬಾಗಿಲು ಹಾಕಿದಳು.

ಬೇರೆ ಯಾರಿಗೂ ಬರುವುದಿಲ್ಲವೇ ಎಂದರೆ, ಬರುವುದಿಲ್ಲ. ರಾಗಿಣಿ "ಕಲಿತರಾಯ್ತು ಬಿಡಮ್ಮ" ಎನ್ನುತ್ತ ಹದಿನೆಂಟು ವರ್ಷ ಪುಣೆಯಲ್ಲಿ ಕಳೆದಳು. ತನ್ನ ಮದುವೆಯ ದಿನ ಅದನ್ನು ಕೇಳಿದ್ದು ಹೌದು, ಆದರೆ ಯಾವ ಮದುಮಗಳು ಹಾಡಿನ ಕಡೆ ಕಿವಿ ಕೊಡುತ್ತಾಳೆ. ಮೇಧಾಗೆ ಆಗ ಹನ್ನೊಂದು ವರ್ಷ, ಐಸ್‌ಕ್ರೀಮಿನ ಹತ್ತಿರ ನಿಂತಿದ್ದಳಂತೆ. ಇನ್ನು ಸೇತುರಾಮ. ಏನಿಲ್ಲವೆಂದರೂ ಇಪ್ಪತ್ತು ಸಲ ಕೇಳಿರಬೇಕು. ಆದರೆ ಹೇಳು ಎಂದರೆ ಒಂದು ಸಾಲೂ ಬಾರದು. ಹುಟ್ಟಿದಾಗಿನಿಂದ ಮನೆಯಲ್ಲಿ ಇರುವ ಗೋಡೆಯನ್ನು ಯಾರು ನಿಂತು ನೋಡುತ್ತಾರೆ? ಅವನು ಯಾವಾಗಲೂ ಲೈಟು ನೋಡುತ್ತಿದ್ದ, ಬ್ಯಾಟರಿ ನೋಡುತ್ತಿದ್ದ.

ಆದರೂ ತಾಯಿ ಮಗಳು ಕೈಕಟ್ಟಿ ಕೂತಿರಲಿಲ್ಲ. ಅಕ್ಕನ ತಲೆಯೊಳಗೆ ಹಾಡು ಹಾಗೇ ಇತ್ತಲ್ಲ, ಹೊರಗೆ ಬರುವ ದಾರಿ ಮಾತ್ರ ಮುಚ್ಚಿತ್ತು. ದಿನಾ ಸಂಜೆ ಎದುರುಬದುರು ಕೂರುತ್ತಿದ್ದರು. ಸ್ವರ ಏರಿದ ಕಡೆ ಅಕ್ಕ ಕೈ ಏರಿಸುವಳು, ಇಳಿದ ಕಡೆ ಇಳಿಸುವಳು. ಮೇಧಾ ಅದನ್ನು ನೋಡಿಕೊಂಡು ಗುನುಗುವಳು. ತಪ್ಪಾದರೆ ಅಕ್ಕ ನೆಲ ತಟ್ಟುವಳು, ಸರಿಯಾದರೆ ಕಣ್ಣು ಮುಚ್ಚುವಳು. ಹೀಗೆ ಒಂದು ತಿಂಗಳಿಗೆ ಒಂದೂವರೆ ಸಾಲು ಬಂದಿತ್ತು.

ಸೇತುರಾಮನಿಗೆ ಅಷ್ಟು ತಾಳ್ಮೆ ಎಲ್ಲಿ. "ಈ ಲೆಕ್ಕದಲ್ಲಿ ನೀವು ಹಾಡು ಮುಗ್ಸೋ ಹೊತ್ತಿಗೆ ಇವಳ ಮಗೂಗೆ ನಾಮಕರಣ ಬಂದಿರುತ್ತೆ" ಎಂದು ರೇಗಿಸಿ, ತನ್ನ ಡಿವಿಡಿಯ ಮಾತೆತ್ತಿದ್ದ. ಅದರಲ್ಲಿ ಅಕ್ಕ ಹಾಡುವುದು ಎರಡೂವರೆ ನಿಮಿಷ ಇದೆ. ಬಾಯಿ ಕಾಣುತ್ತದೆ, ತಾಳ ಹಾಕುವ ಕೈ ಕಾಣುತ್ತದೆ. ಪದ ಎಷ್ಟು ಎಳೆದಳು, ಎಲ್ಲಿ ತಿರುಗಿಸಿದಳು ಎಂದು ನಿಧಾನಕ್ಕೆ ಓಡಿಸಿ ನೋಡಿದರೆ ಉಳಿದ ಎರಡೂವರೆ ಸಾಲು ವಾರದಲ್ಲಿ ಬಂದುಬಿಡುತ್ತದೆ.

ಹಾಡೇ ಕೇಳಿಸುವುದಿಲ್ಲವೇ ಎಂದು ಯಾರೂ ಕೇಳಲಿಲ್ಲ. ಕೇಳಿಸುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆ ಕಾಲದ ಮದುವೆ ವಿಡಿಯೋ ನೋಡಿದವರಿಗೆ ಹೇಳಬೇಕಾದ್ದೇ ಇಲ್ಲ. ಮಂತ್ರ ಕೇಳಬಾರದು, ವಾಲಗ ಕೇಳಬಾರದು, ಹುಡುಗಿ ಅತ್ತರೆ ಅದೂ ಕೇಳಬಾರದು. ಕಾಶಿಯಾತ್ರೆಗೆ ಒಂದು ಸಿನಿಮಾ ಹಾಡು, ಧಾರೆಗೆ ಒಂದು, ಊಟದ ಪಂಕ್ತಿಗೆ ಒಂದು. ನಿಜವಾದ ಸದ್ದಿಗೆ ಆ ಕಸುಬಿನವರು ಇಟ್ಟ ಹೆಸರು ಗಲಾಟೆ. ಅಕ್ಕನ ಹಾಡಿನ ಮೇಲೂ ಸೇತುರಾಮ ಆ ವರ್ಷ ಊರೆಲ್ಲ ಮೊಳಗುತ್ತಿದ್ದ ಒಂದು ಹಿಟ್ ಹಾಡನ್ನೇ ಸುರಿದಿದ್ದ. ಮೊದಲ ಸಲ ನೋಡಿದಾಗ ಅಕ್ಕ, "ನನ್ನ ಹಾಡು ಎಲ್ಲೋ ಸೇತು?" ಎಂದಳು. "ಎಲ್ರೂ ಹೀಗೇ ಹಾಕ್ಸೋದು ಅಕ್ಕ, ನೋಡಕ್ಕೆ ಚೆನ್ನಾಗಿರುತ್ತೆ" ಎಂದ. ಅವಳು ಮತ್ತೆ ಕೇಳಲಿಲ್ಲ. ಶೂಟ್ ಮಾಡಿದ ಟೇಪನ್ನು ಮುಂದಿನ ವಾರವೇ ತಿರುಗಿಸಿ ಕೆಂಗೇರಿಯ ಒಂದು ಮದುವೆಗೆ ಹಾಕಿಯಾಗಿತ್ತು. ಎಲ್ಲರೂ ಹಾಗೇ ಮಾಡುತ್ತಿದ್ದರು. ಎಲ್ಲರೂ ಮಾಡುತ್ತಿದ್ದರು ಎಂದು ಹೇಳಿಕೊಂಡು ಇಷ್ಟು ವರ್ಷ ನೆಮ್ಮದಿಯಾಗಿದ್ದವನಿಗೆ ಈಗ ಎರಡು ವರ್ಷದಿಂದ ಆ ಮಾತು ಹೇಳಿಕೊಳ್ಳಲು ಬಾಯಿ ಬರುತ್ತಿರಲಿಲ್ಲ.

ಆದ್ದರಿಂದಲೇ ಈ ಹಟ. ಕೊನೆಗೆ ಮುಖವಾದರೂ ಸ್ವಚ್ಛವಾಗಿ ಕಾಣಲಿ.

ಕಂಪ್ರೆಸ್ ಮಾಡುವ ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕಿದ. ಬೇಕಾದ ಗಾತ್ರ ಎಂದಿದ್ದ ಕಡೆ ನಾಲ್ಕು ಪಾಯಿಂಟ್ ಮೂರನ್ನು ನಾಲ್ಕು ಪಾಯಿಂಟ್ ನಾಲ್ಕು ಮಾಡಿದ. ಮೂರು ಪಾಯಿಂಟ್ ಒಂದು ಬಂತು. ಎರಡೆರಡು ಸಲ ಪರಿಶೀಲಿಸು ಎಂಬ ಆಯ್ಕೆ ಒತ್ತಿದ. ಎರಡು ಗಂಟೆ ಗುರುಗುಟ್ಟಿ ಮತ್ತೆ ಅದೇ ಮೂರು.

"ಬೇರೆ ಡಿಸ್ಕ್ ಹಾಕಿ ನೋಡಿ ಮಾವ. ತಪ್ಪು ಸಾಫ್ಟ್‌ವೇರ್‌ದಾ, ಡಿಸ್ಕ್‌ದಾ, ಅದಾದ್ರೂ ಗೊತ್ತಾಗುತ್ತೆ" ಎಂದಳು ಮೇಧಾ.

ಕಪಾಟಿನಿಂದ ಯಾವುದೋ ಹಳೆಯ ಗೃಹಪ್ರವೇಶದ ಡಿಸ್ಕು ತೆಗೆದು ಹಾಕಿದ. ನಾಲ್ಕು ಪಾಯಿಂಟ್ ಮೂರು, ಕರಾರುವಾಕ್ಕಾಗಿ. ಅಂದರೆ ರೋಗ ಇರುವುದು ರಾಗಿಣಿಯ ಮದುವೆಯಲ್ಲೇ.

ಮೇಧಾ ಸ್ಟೂಲನ್ನು ಮುಂದಕ್ಕೆಳೆದುಕೊಂಡು ಮೌಸ್ ಕಿತ್ತುಕೊಂಡಳು. ಸೇತುರಾಮ ಯಾವತ್ತೂ ನೋಡದೆ ದಾಟಿಹೋಗುತ್ತಿದ್ದ ಒಂದು ಪಟ್ಟಿ ತೆರೆದಳು. ಚಿತ್ರ ಎಂದು ಒಂದು ಸಾಲಿತ್ತು, ಅದಕ್ಕೆ ಟಿಕ್ ಇತ್ತು. ಆಡಿಯೋ ಒಂದು, ಅದಕ್ಕೂ ಟಿಕ್ ಇತ್ತು. ಅದರ ಕೆಳಗೆ ಆಡಿಯೋ ಎರಡು. ಅದಕ್ಕೆ ಟಿಕ್ ಇರಲಿಲ್ಲ.

"ಎರಡನೇ ಆಡಿಯೋ ಯಾವುದು ಮಾವ?"

"ಎಲ್ಲಿ ಎರಡು? ಒಂದೇ ಇರೋದು."

"ಎರಡಿದೆ ನೋಡಿ. ಇದನ್ನ ಸಾಫ್ಟ್‌ವೇರು ಲೆಕ್ಕಕ್ಕೆ ಹಿಡ್ಕೊಂಡು ಜಾಗ ಬಿಟ್ಟಿದೆ. ಟಿಕ್ ಇಲ್ಲ ಅಂತ ಬರೆಯುವಾಗ ಬಿಟ್ಟುಹಾಕಿದೆ. ಅದಕ್ಕೇ ಕಡಿಮೆ ಬೀಳ್ತಿದೆ." ಅವಳು ಅಲ್ಲೇ ಬಿದ್ದಿದ್ದ ಮದುವೆ ಪತ್ರಿಕೆಯ ಕವರಿನ ಹಿಂದೆ ಲೆಕ್ಕ ಹಾಕಿದಳು. ಒಂದು ಗಂಟೆ ಐವತ್ತೈದು ನಿಮಿಷ, ಸೆಕೆಂಡಿಗೆ ಇಷ್ಟು, ಹಿಂಡದ ಆಡಿಯೋ. "ಒಂದೂಕಾಲು ಜಿಬಿ. ನಮಗೆ ಕಡಿಮೆ ಬೀಳ್ತಿರೋದೂ ಅಷ್ಟೇ."

ಸೇತುರಾಮ ಆ ಕವರು ಇಸಿದುಕೊಂಡು ಲೆಕ್ಕವನ್ನು ಇನ್ನೊಮ್ಮೆ ಓದಿದ. ಒಂದನೇ ಆಡಿಯೋ ಸಿನಿಮಾ ಹಾಡು. ಹಾಗಾದರೆ ಎರಡನೆಯದು?

ಆಗ ಎಡಿಟಿಂಗ್ ಮಾಡಿ ಡಿಸ್ಕು ತಯಾರಿಸುತ್ತಿದ್ದವನು ಅರುಣ್ ಕುಮಾರ್. ಈಗ ಮಲ್ಲತ್ತಹಳ್ಳಿಯಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾನೆ. ಸೇತುರಾಮ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಉಸಿರು ಬಿಗಿಹಿಡಿದು ಕೇಳಿದ.

"ಎರಡನೇ ಟ್ರ್ಯಾಕಾ ಸಾರ್?" ಅರುಣ್ ಯೋಚಿಸಿದ. ಹಿಂದೆ ಟೈಲ್ಸ್ ಇಳಿಸುವ ಸದ್ದು. "ಹೌದು ಸಾರ್, ಇಡ್ತಿದ್ದೆ. ಡಬಲ್ ಲೇಯರ್‌ನಲ್ಲಿ ಜಾಗ ಇರ್ತಿತ್ತಲ್ಲ, ಲೈವ್ ಸೌಂಡ್‌ಗೆ ಅಂತ ಒಂದು ಟ್ರ್ಯಾಕ್ ಇಡ್ತಿದ್ದೆ. ರಿಮೋಟ್‌ನಲ್ಲಿ ಆಡಿಯೋ ಬಟನ್ ಒತ್ತಿದ್ರೆ ಅದು ಬರುತ್ತೆ."

"ನಮ್ಮ ರಾಗಿಣಿ ಮದುವೇಲಿ?"

"ಎರಡು ಟ್ರ್ಯಾಕ್ ತೋರಿಸ್ತಿದೆ ಅಂದ್ರೆ ಇರ್ಬೇಕು ಸಾರ್. ಹದಿನೆಂಟು ಹತ್ತೊಂಬತ್ತು ವರ್ಷ ಆಯ್ತು, ನೆನಪಿರಲ್ಲ."

ಇರಬೇಕು ಎಂದ, ಇದೆ ಎನ್ನಲಿಲ್ಲ. ಮೇಧಾ ಅದನ್ನು ಗಮನಿಸಿದಳು. ಸೇತುರಾಮನ ಕಿವಿಗೆ ಮಾತ್ರ ಬೇರೆಯೇ ಬಿದ್ದಿತ್ತು. ಅವನು ಆಗಲೇ ಟಿಕ್ ಹಾಕಿ ಒತ್ತಿಯಾಗಿತ್ತು. ಮುಕ್ಕಾಲು ಗಂಟೆಗೆ ಬಂತು ನೋಡಿ, ನಾಲ್ಕು ಪಾಯಿಂಟ್ ಮೂರು. ಮುಖ ಹಾಗೇ ಚೌಕ ಚೌಕವಾಗಿಯೇ ಇತ್ತು, ಆದರೆ ಮುಖ ಯಾರಿಗೆ ಬೇಕು ಈಗ. ಬರೆದ ಡಿಸ್ಕು ಹೊರಗೆ ಬಂದಾಗ ಬಿಸಿಯಾಗಿತ್ತು. ಸೇತುರಾಮ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇಲ್ಲೇ ಒಂದ್ಸಲ ಕೇಳಿಬಿಡೋಣ ಮಾವ" ಎಂದಳು ಮೇಧಾ.

"ಬೇಡ. ಮೊದಲು ಅಕ್ಕ ಕೇಳಲಿ."

"ಏನೂ ಇಲ್ದೇ ಇದ್ರೆ?"

"ಏನೂ ಇಲ್ಲದ್ದು ಒಂದೂಕಾಲು ಜಿಬಿ ಜಾಗ ಹಿಡಿಯುತ್ತಾ? ಲೆಕ್ಕದ ಮೇಡಮ್ಮು ನೀನು, ನೀನೇ ಹೇಳು."

ಸೇತುರಾಮನಿಗೆ ನಿಜವಾಗಿ ಬೇಕಾಗಿದ್ದುದು ಬೇರೆ. ಹತ್ತೊಂಬತ್ತು ವರ್ಷದ ಹಿಂದೆ ಅಕ್ಕ ಕೇಳಿದ ಪ್ರಶ್ನೆಗೆ, ಇಗೋ ನಿನ್ನ ಹಾಡು ಎಂದು ಅವಳೆದುರಿಗೇ ಉತ್ತರ ಇಡಬೇಕಿತ್ತು. ಮೊದಲೇ ಕೇಳಿ ನೋಡುವುದಕ್ಕೆ ಭಯವೂ ಆಗಿತ್ತು, ಅದನ್ನು ಅವನು ತನಗೂ ಹೇಳಿಕೊಳ್ಳಲಿಲ್ಲ. ಭಯಕ್ಕೆ ಮದ್ದು ಎಂಬಂತೆ ಅಕ್ಕನ ಮನೆಗೆ ಫೋನ್ ಮಾಡಿಬಿಟ್ಟ. ಅಕ್ಕ ಫೋನಿನಲ್ಲಿ ಕೇಳಿಸಿಕೊಳ್ಳುತ್ತಾಳೆ, ಹೌದು ಎನ್ನಲು ಒಂದು ಸಲ ಉಗುರಿನಲ್ಲಿ ಕುಟ್ಟುತ್ತಾಳೆ, ಇಲ್ಲ ಎನ್ನಲು ಎರಡು ಸಲ.

"ಅಕ್ಕ, ನಿನ್ನ ಹಾಡು ಸಿಕ್ತು. ನಿನ್ನ ಧ್ವನೀಲೇ. ತರ್ತಾ ಇದೀನಿ."

ಆ ಕಡೆಯಿಂದ ಅಕ್ಕ ಕುಟ್ಟಿದಳು. ಒಂದು ಸಲ ಅಲ್ಲ, ನಿಲ್ಲಿಸದೆ ಕುಟ್ಟುತ್ತಲೇ ಇದ್ದಳು.

ಮಾವ ಸೊಸೆ ಸ್ಕೂಟರಿನಲ್ಲಿ ಮಾಗಡಿ ರೋಡು ಹಿಡಿದು ಅನ್ನಪೂರ್ಣೇಶ್ವರಿ ನಗರಕ್ಕೆ ಬರುವ ಹೊತ್ತಿಗೆ ಸಂಜೆ ಐದಾಗಿತ್ತು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಮೈಸೂರು ಸಿಲ್ಕ್ ಉಟ್ಟು, ಹೂ ಮುಡಿದು, ಕತ್ತಿಗೆ ಹೊಸದಾಗಿ ಒಗೆದ ಬಟ್ಟೆ ಕಟ್ಟಿದ್ದಳು. ಟಿವಿಯ ಎದುರು ಮೂರು ಕುರ್ಚಿ ಹಾಕಿ, ಹಾಡಿನ ಪುಸ್ತಕ ತೆರೆದಿಟ್ಟಿದ್ದಳು. ಅದನ್ನು ನೋಡಿದ ಮೇಧಾ ಮಾವನ ಮುಖ ನೋಡಿದಳು. ಮಾವ ಅವಳ ಕಡೆ ನೋಡಲಿಲ್ಲ.

ಡಿಸ್ಕು ಒಳಗೆ ಹೋಯಿತು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ವರಪೂಜೆ, ಕಾಶಿಯಾತ್ರೆ ಎಲ್ಲ ದಾಟಿಸಿ ಹಸೆಗೆ ಕರೆಯುವ ಕಡೆ ತಂದು ನಿಲ್ಲಿಸಿದಳು ಮೇಧಾ. ಅಲ್ಲಿ ಜಗದಾಂಬಾ, ನಲವತ್ತೊಂಬತ್ತರ ಹೆಂಗಸು, ಕೆನ್ನೆ ತುಂಬಿಕೊಂಡು, ಆರತಿ ತಟ್ಟೆ ಹಿಡಿದ ಹೆಂಗಸರ ನಡುವೆ ಬಾಯಿ ತೆರೆದಳು. ಸಿನಿಮಾ ಹಾಡು ಮನೆ ತುಂಬಿತು. ಮೇಧಾ ರಿಮೋಟಿನ ಆಡಿಯೋ ಬಟನ್ ಒತ್ತಿದಳು.

ಹಾಡು ನಿಂತಿತು. ಬೇರೇನೂ ಬರಲಿಲ್ಲ.

ಸೇತುರಾಮ ಎದ್ದುಹೋಗಿ ಟಿವಿಯ ವಾಲ್ಯೂಮ್ ಏರಿಸಿದ. ಇನ್ನೂ ಏರಿಸಿದ. ಟಿವಿಯದೇ ಸುಯ್ ಎಂಬ ಸದ್ದು ಬಂತು, ಅಷ್ಟೇ. ಪರದೆಯಲ್ಲಿ ಅಕ್ಕ ಹಾಡುತ್ತಲೇ ಇದ್ದಳು. ಮುಂದೆ ಓಡಿಸಿದರು, ವಾಲಗದವರು ಕೆನ್ನೆ ಉಬ್ಬಿಸಿ ಊದುತ್ತಿದ್ದರು, ಸದ್ದಿಲ್ಲ. ಧಾರೆಯಲ್ಲಿ ಪುರೋಹಿತರ ಬಾಯಿ ಓಡುತ್ತಿತ್ತು, ಸದ್ದಿಲ್ಲ. ಕೊನೆಯವರೆಗೂ ಇಲ್ಲ.

ಅವನು ಹೊರಗೆ ಜಗಲಿಗೆ ಹೋಗಿ ಅರುಣ್‌ಗೆ ಫೋನ್ ಮಾಡಿದ. "ಟ್ರ್ಯಾಕ್ ಖಾಲಿ ಇದೆಯಲ್ಲೋ."

"ಅಯ್ಯೋ, ಖಾಲೀನಾ ಸಾರ್?"

"ಖಾಲಿ ಇದ್ರೆ ಒಂದೂಕಾಲು ಜಿಬಿ ಹೆಂಗೋ ಬಂತು?"

"ಅದು ಹಿಂಡದ ಆಡಿಯೋ ಸಾರ್. ಸದ್ದಿದ್ರೂ ಅಷ್ಟೇ ಜಾಗ, ಸದ್ದಿಲ್ಲದಿದ್ರೂ ಅಷ್ಟೇ ಜಾಗ." ಅರುಣ್ ತಡೆದು ಹೇಳಿದ, "ಈಗ ನೆನಪಾಯ್ತು ಸಾರ್. ನಾನು ಲೈವ್ ಇಡ್ಲಾ ಅಂತ ಕೇಳಿದ್ದೆ. ಜನರೇಟರ್ ಗಲಾಟೆ ತುಂಬಾ ಇದೆ, ನಮ್ಮ ಮನೆ ಡಿಸ್ಕು, ನೀಟಾಗಿರ್ಲಿ, ತೆಗೆದಾಕು ಅಂತ ನೀವೇ ಅಂದ್ರಿ. ಸೌಂಡ್ ಅಳಿಸಿದೆ. ಟ್ರ್ಯಾಕ್ ತೆಗೆಯೋದು ಮರೆತಿರ್ಬೇಕು."

ಸೇತುರಾಮನಿಗೂ ನೆನಪಾಯಿತು. ಅಂದಿದ್ದು ಹೌದು. ಎಲ್ಲರ ಮನೆಯ ಡಿಸ್ಕಿಗಿಂತ ತನ್ನ ಮನೆಯದು ನೀಟಾಗಿರಲಿ ಎಂದು ಅಂದಿದ್ದ. ಅವನು ಫೋನ್ ಇಟ್ಟು ಜಗಲಿಯ ಮೇಲೆ ಕೂತ. ನನ್ನ ಕೈಗೆ ಹಾವು ಕಚ್ಚಬಾರದಿತ್ತೇ ಎನಿಸಿತು. ಒಳಗಿಂದ ಮತ್ತೆ ಸಿನಿಮಾ ಹಾಡು ಕೇಳಿಸಿತು, ತಕ್ಷಣ ನಿಂತಿತು.

ಒಳಗೆ ಬಂದರೆ ಮೇಧಾ ಬಿಟ್ಟಿರಲಿಲ್ಲ. "ಧ್ವನಿ ಹೋದ್ರೆ ಹೋಗ್ಲಿ ಮಾವ. ಮೊದಲು ಅಂದ್ಕೊಂಡಿದ್ದನ್ನೇ ಮಾಡೋಣ. ಕೈ ಕಾಣುತ್ತಲ್ಲ, ತಾಳ ಹಿಡ್ಕೊಳೋಣ" ಎಂದಳು. ಅವಳ ಮೂಗು ಕೆಂಪಾಗಿತ್ತು, ದನಿ ಮಾತ್ರ ಕ್ಲಾಸಿನಲ್ಲಿ ಪಾಠ ಹೇಳುವವಳ ದನಿ. ಆ ಹಳೆಯ ಪ್ಲೇಯರಿಗೆ ಒಂದು ಕೆಟ್ಟ ಗುಣ. ಹಿಂದಕ್ಕೆ ತಂದು ಶುರು ಮಾಡಿದಾಗಲೆಲ್ಲ ಒಂದನೇ ಆಡಿಯೋಗೇ ಮರಳುತ್ತದೆ. ಪ್ರತಿ ಸಲವೂ ಆ ಹಾಡಿನ ಎರಡು ಸಾಲು ಕಿವಿಗೆ ಅಪ್ಪಳಿಸಿದ ಮೇಲೆಯೇ ಬಟನ್ ಒತ್ತಲು ಆಗುತ್ತಿತ್ತು. ಹತ್ತು ಸಲ ಹಾಕಿದರು. ಹದಿನೈದು ಸಲ ಹಾಕಿದರು.

ಅಕ್ಕ ಪರದೆಯಲ್ಲಿದ್ದ ತನ್ನ ಕೈಯನ್ನೇ ನೋಡುತ್ತ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಮೂರು ಪೆಟ್ಟು ಬೀಳುವಷ್ಟರಲ್ಲಿ ತಪ್ಪುತ್ತಿತ್ತು. ಮತ್ತೆ ಹಾಕು ಎಂದು ಸನ್ನೆ ಮಾಡುವಳು. ಮತ್ತೆ ಅಲ್ಲೇ ತಪ್ಪುತ್ತಿತ್ತು. ಕೊನೆಗೆ ಪುಸ್ತಕ ಎಳೆದುಕೊಂಡು ಬರೆದಳು. "ಇದು ನನ್ನ ತಾಳ ಅಲ್ಲ."

"ನಿನ್ನ ಕೈಯೇ ಅಲ್ವೇನಮ್ಮ?" ಎಂದಳು ಮೇಧಾ.

ಸೇತುರಾಮನಿಗೆ ಆಗ ನೆನಪಾಯಿತು, ಹೇಳದೆ ವಿಧಿಯಿರಲಿಲ್ಲ. "ಅಕ್ಕನ ತಾಳ ಸಿನಿಮಾ ಹಾಡಿಗೆ ಕೂಡ್ತಿರ್ಲಿಲ್ಲ ಕಣೇ. ಅದಕ್ಕೇ ಚಿತ್ರ ಸ್ವಲ್ಪ ನಿಧಾನ ಮಾಡ್ಸಿ, ಅಲ್ಲಲ್ಲಿ ಕತ್ತರಿಸಿ, ಕೈ ಪೆಟ್ಟು ಆ ಹಾಡಿಗೆ ಸರಿಯಾಗಿ ಬೀಳೋ ಹಾಗೆ ಕೂಡ್ಸಿದ್ದೆ. ಎರಡು ದಿನ ಕೂತು ಮಾಡ್ಸಿದ್ದೆ. ಎಲ್ರೂ ಹೊಗಳಿದ್ರು."

ಅಕ್ಕ ಬೈದಿದ್ದರೆ ಚೆನ್ನಾಗಿತ್ತು. ಬೈಯಲು ಅವಳಿಗೆ ಧ್ವನಿ ಇರಲಿಲ್ಲ, ಬರೆದು ಬೈಯುವ ಹೆಂಗಸೂ ಅವಳಲ್ಲ. ಟಿವಿ ಆರಿಸು ಎಂದು ಕೈಯಾಡಿಸಿದಳು ಅಷ್ಟೇ. ಮೇಧಾ ಆರಿಸಿದಳು.

"ಹೋಗ್ಲಿ ಬಿಡಮ್ಮ, ನಮ್ಮದೇ ದಾರಿ ಇದೆಯಲ್ಲ. ಇನ್ನೂ ಹತ್ತೊಂಬತ್ತು ದಿನ ಇದೆ. ಒಂದೂವರೆ ಸಾಲು ಬಂದಿದೆ" ಎಂದು ಮೇಧಾ ನೆಲದ ಮೇಲೆ ಅಮ್ಮನ ಎದುರು ಕೂತಳು. ಅಕ್ಕ ಕುರ್ಚಿಯಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡಳು. ಕತ್ತಿನ ಬಟ್ಟೆ ಉಸಿರಿಗೆ ಒಳಹೊರಗೆ ಆಡುತ್ತಿತ್ತು. ಮೇಧಾ ಮೊದಲ ಸಾಲನ್ನು ಗುನುಗಿದಳು, ಅವರಿಬ್ಬರೂ ಒಂದು ತಿಂಗಳು ಕೂತು ಹೆಕ್ಕಿದ ಸಾಲು. ಅರಿಶಿನದ ಹೆಜ್ಜೆಯವಳೆ, ಅಂಜದೆ ಬಾರೆ. ಸೇತುರಾಮ ಅದನ್ನು ಸರಿಯಾಗಿ ಕೇಳಿದ್ದು ಅವತ್ತೇ. ಎಷ್ಟು ಚೆನ್ನಾಗಿತ್ತು ಅದು. ಅಮ್ಮ ಒಲೆಯ ಮುಂದೆ ಕೂತು ಇದನ್ನೇ ಹೇಳುತ್ತಿದ್ದಳು ಎಂಬುದು ಎಲ್ಲಿಂದಲೋ ಬಂದು ಎದೆಗೆ ನಾಟಿತು.

ಅಕ್ಕ ಕಣ್ಣು ಮುಚ್ಚಲಿಲ್ಲ. ನೆಲವನ್ನೂ ತಟ್ಟಲಿಲ್ಲ.

"ಸರಿ ಇದ್ಯಾಮ್ಮ?"

ಅಕ್ಕ ಕೈ ಎತ್ತಿದಳು. ಮೇಲೆ ಹೋಗಬೇಕಾದ ಕಡೆ ಅದು ಗಾಳಿಯಲ್ಲಿ ನಿಂತಿತು. ಇಳಿಸಿ ಮತ್ತೆ ಎತ್ತಿದಳು, ಮತ್ತೆ ಅಲ್ಲೇ ನಿಂತಿತು. ಹಣೆ ಗಂಟಿಕ್ಕಿಕೊಂಡು, ಎರಡು ಕಿವಿಯನ್ನೂ ಅಂಗೈಯಲ್ಲಿ ಮುಚ್ಚಿಕೊಂಡು, ತುಟಿ ಆಡಿಸಿ ನೋಡಿದಳು. ಮೇಧಾ ಇನ್ನೊಮ್ಮೆ ಗುನುಗಲು ಹೋದರೆ ಬೇಡ ಎಂದು ತಡೆದಳು. ಆಮೇಲೆ ಪೆನ್ನು ತೆಗೆದುಕೊಂಡು ಬರೆದು, ಪುಸ್ತಕವನ್ನು ಮಗಳಿಗೆ ಕೊಡದೆ ತಮ್ಮನ ಕಡೆ ಚಾಚಿದಳು.

"ಈಗ ನಂಗೂ ಆ ಸಿನಿಮಾ ಹಾಡೇ ಕೇಳಿಸ್ತಿದೆ ಕಣೋ ಸೇತು. ನಂದು ಬರ್ತಾ ಇಲ್ಲ."

"ಏನು ಬರೆದಿದ್ದಾಳೆ ಮಾವ?" ಎಂದಳು ಮೇಧಾ. ಸೇತುರಾಮ ಓದಿ ಹೇಳಲಿಲ್ಲ. ಅಕ್ಕನ ಬೆರಳು ಕುರ್ಚಿಯ ಕೈಯ ಮೇಲೆ ತಾಳ ಹಾಕುತ್ತಿತ್ತು, ಅವಳು ನಿಲ್ಲಿಸಲು ನೋಡಿದರೂ ನಿಲ್ಲುತ್ತಿರಲಿಲ್ಲ. ಪೆಟ್ಟುಗಳು ಅವನು ಎರಡು ದಿನ ಕೂತು ಕೂಡಿಸಿದ ಕಡೆಯೇ ಬೀಳುತ್ತಿದ್ದವು.